ಕಂಬಳಿಯ ಗೋಡೆ: ಒಂದು ಹಳೆಯ ಪ್ರಣಯ ವಿನೋದವನ್ನು ಕನ್ನಡದ ಬಸ್ಸಿನಲ್ಲಿ ಕುಳಿತು ನೋಡುವುದು

(ದೋಹಾದ ಮುಶೈರಿಬ್‌ನಲ್ಲಿ ಕನ್ನಡದ ಗೆಳೆಯರ ಪುಟ್ಟ ಕೂಟವೊಂದರಲ್ಲಿ ಚಿತ್ರ ಪ್ರದರ್ಶನದ ನಂತರ ಮಾಡಿದ ಮಾತುಗಳ ಲಿಖಿತ ರೂಪ)



ತೊಂಬತ್ತು ವರ್ಷ ದಾಟಿದ ಕಪ್ಪು ಬಿಳುಪಿನ ಚಿತ್ರವೊಂದನ್ನು ನೋಡುತ್ತ ನೀವೆಲ್ಲ ಈಗಷ್ಟೇ ನಕ್ಕಿದ್ದೀರಿ. ಎಲ್ಲೆಲ್ಲಿ ನಕ್ಕಿರಿ ಎಂಬುದನ್ನು ಹಿಂದಿನ ಸಾಲಿನಲ್ಲಿ ಕುಳಿತು ಗಮನಿಸುತ್ತಿದ್ದೆ. ದುಂಡು ವಡೆಯನ್ನು ಕಾಫಿಯಲ್ಲಿ ಎಷ್ಟು ಹೊತ್ತು ಅದ್ದಬೇಕೆಂದು ಪೀಟರ್ ಪಾಠ ಹೇಳುವಾಗ ನಕ್ಕಿರಿ. ಗಂಡ ಹೆಂಡಿರಂತೆ ನಟಿಸಿ ಜಗಳವಾಡಿ ಪತ್ತೇದಾರರನ್ನು ಓಡಿಸುವಾಗ ಜೋರಾಗಿ ನಕ್ಕಿರಿ. ಹಸಿದ ತಾಯಿ ಬಸ್ಸಿನಲ್ಲಿ ಮೂರ್ಛೆ ಹೋದಾಗ ಮಾತ್ರ ಕೋಣೆ ತಟ್ಟನೆ ಮೌನವಾಯಿತು. 1934ರ ಅಮೆರಿಕದ ಪ್ರೇಕ್ಷಕರೂ ಬಹುಶಃ ಇದೇ ಜಾಗಗಳಲ್ಲಿ ನಕ್ಕು ಇದೇ ಜಾಗದಲ್ಲಿ ಸುಮ್ಮನಾಗಿರಬೇಕು. ಚಿತ್ರವೊಂದು ಹಳತಾಗದೆ ಉಳಿಯುವುದೆಂದರೆ ಇದು. ಅದು ಏಕೆ ಉಳಿದಿದೆ, ಕನ್ನಡದ ಮಟ್ಟಿಗೆ ಅದರಿಂದ ನಾವು ತೆಗೆದುಕೊಂಡದ್ದೇನು, ತೆಗೆದುಕೊಳ್ಳಲಾಗದೆ ಬಿಟ್ಟದ್ದೇನು ಎಂಬುದು ನನ್ನ ಇಂದಿನ ಮಾತಿನ ವಿಷಯ. ನನ್ನ ಸಂಶೋಧನೆಯ ಕ್ಷೇತ್ರ ಸಿನಿಮಾ ಅಲ್ಲ. ಆದ್ದರಿಂದ ಶಾಸ್ತ್ರಕ್ಕಿಂತ ಹೆಚ್ಚಾಗಿ ಪ್ರಯಾಣಿಕರ ದೃಷ್ಟಿಯಿಂದ ಮಾತಾಡುತ್ತೇನೆ.

'ಇಟ್ ಹ್ಯಾಪನ್ಡ್ ಒನ್ ನೈಟ್' ಚಿತ್ರದ ಹುಟ್ಟಿನ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಎಂಬ ಪತ್ರಕರ್ತ 1933ರಲ್ಲಿ 'ನೈಟ್ ಬಸ್' ಎಂಬ ಕಥೆಯನ್ನು ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದ. ಅದನ್ನು ರಾಬರ್ಟ್ ರಿಸ್ಕಿನ್ ಚಿತ್ರಕಥೆಯಾಗಿಸಿದ. ಫ್ರಾಂಕ್ ಕಾಪ್ರಾ ನಿರ್ದೇಶಿಸಿದ. ಕೊಲಂಬಿಯಾ ಆಗ ಹಾಲಿವುಡ್‌ನ ಬಡ ಸಂಸ್ಥೆಗಳಲ್ಲಿ ಒಂದು. ನಾಯಕ ಕ್ಲಾರ್ಕ್ ಗೇಬಲ್ ಮೆಟ್ರೋ ಗೋಲ್ಡ್‌ವಿನ್ ಮೇಯರ್ ಸಂಸ್ಥೆಯಿಂದ ಎರವಲು ಬಂದವನು. ನಾಯಕಿ ಕ್ಲಾಡೆಟ್ ಕೋಲ್ಬರ್ಟ್ ಇಮ್ಮಡಿ ಸಂಭಾವನೆ ಕೇಳಿ, ನಾಲ್ಕೇ ವಾರದಲ್ಲಿ ತನ್ನನ್ನು ಬಿಟ್ಟುಬಿಡಬೇಕೆಂಬ ಷರತ್ತು ಹಾಕಿ ಬಂದವಳು. ತನ್ನ ಜೀವನದ ಅತ್ಯಂತ ಕೆಟ್ಟ ಚಿತ್ರವನ್ನು ಈಗಷ್ಟೇ ಮುಗಿಸಿ ಬಂದೆನೆಂದು ಆಕೆ ಗೆಳೆಯರಲ್ಲಿ ಹೇಳಿಕೊಂಡಳೆಂಬ ಮಾತು ಪ್ರಸಿದ್ಧವಾಗಿದೆ. 1935ರ ಫೆಬ್ರವರಿಯಲ್ಲಿ ಅಕಾಡೆಮಿ ಪ್ರಶಸ್ತಿ ಘೋಷಣೆಯಾದಾಗ ಅದೇ ಚಿತ್ರಕ್ಕೆ ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ ಎಂಬ ಐದೂ ಮುಖ್ಯ ಪ್ರಶಸ್ತಿಗಳು ಬಂದವು. ಆ ಐದನ್ನೂ ಒಟ್ಟಿಗೆ ಗೆದ್ದ ಮೊದಲ ಚಿತ್ರ ಅದು. ನಟಿಯನ್ನು ರೈಲು ಹತ್ತುವ ಹೊತ್ತಿನಲ್ಲಿ ಹಿಡಿದು ಕರೆತರಬೇಕಾಯಿತಂತೆ.

ಇನ್ನೊಂದು ಸಂಗತಿ, ನಮಗೆ ಹತ್ತಿರದ್ದು. ಅಮೆರಿಕದ ಆತ್ಮದ ಚಿತ್ರಕಾರನೆಂದು ಹೊಗಳಿಸಿಕೊಂಡ ಕಾಪ್ರಾ ಹುಟ್ಟಿದ್ದು ಸಿಸಿಲಿಯ ಬಿಸಾಕ್ವಿನೋ ಎಂಬ ಊರಿನಲ್ಲಿ, 1897ರಲ್ಲಿ. 1903ರಲ್ಲಿ ಹಡಗಿನ ಅತ್ಯಂತ ಅಗ್ಗದ ದರ್ಜೆಯಲ್ಲಿ ತಂದೆತಾಯಿಯರೊಂದಿಗೆ ಅಮೆರಿಕಕ್ಕೆ ಬಂದ ಮಗು ಅವನು. ಕೋಲ್ಬರ್ಟ್ ಹುಟ್ಟಿದ್ದು ಫ್ರಾನ್ಸಿನಲ್ಲಿ. ಒಂದು ದೇಶದ ರಸ್ತೆ, ಬಸ್ ನಿಲ್ದಾಣ, ಹೊಟೇಲು, ಸಹಪ್ರಯಾಣಿಕರ ಹಾಡು ಇವನ್ನೆಲ್ಲ ಇಷ್ಟು ಪ್ರೀತಿಯಿಂದ ನೋಡಿದವರಲ್ಲಿ ಹೊರಗಿನಿಂದ ಬಂದವರೂ ಇದ್ದರು. ವಲಸೆ ಬಂದವರಿಗೆ ಬಸ್ಸೆಂದರೆ ಹೊಸ ನಾಡನ್ನು ಓದುವ ಮೊದಲ ಪುಸ್ತಕ.

ಕಥೆಯನ್ನು ನೀವು ನೋಡಿದ್ದೀರಿ. ಬರುವುದು ತಡವಾದವರಿಗಾಗಿ ಎರಡು ಮಾತು. ಎಲೀ ಆಂಡ್ರ್ಯೂಸ್ ಕೋಟ್ಯಧಿಪತಿಯ ಮಗಳು. ತಂದೆಗೆ ಒಪ್ಪಿಗೆಯಿಲ್ಲದ ವಿಮಾನ ಹಾರಿಸುವ ಷೋಕಿಲಾಲನನ್ನು ಮದುವೆಯಾಗಿದ್ದಾಳೆ. ತಂದೆ ಅವಳನ್ನು ಮಯಾಮಿಯಲ್ಲಿ ತನ್ನ ವಿಹಾರನೌಕೆಯೊಳಗೆ ಕೂಡಿಹಾಕುತ್ತಾನೆ. ಅವಳು ನೀರಿಗೆ ಹಾರಿ ಈಜಿ, ನ್ಯೂಯಾರ್ಕಿನ ರಾತ್ರಿ ಬಸ್ಸು ಹತ್ತುತ್ತಾಳೆ. ಅದೇ ಬಸ್ಸಿನಲ್ಲಿ ಕೆಲಸ ಕಳೆದುಕೊಂಡ ಪತ್ರಕರ್ತ ಪೀಟರ್ ವಾರ್ನ್. ತಂದೆ ಹತ್ತು ಸಾವಿರ ಡಾಲರ್ ಬಹುಮಾನ ಘೋಷಿಸುತ್ತಾನೆ, ಪತ್ರಿಕೆಗಳಲ್ಲಿ ಅವಳ ಚಿತ್ರ ಬರುತ್ತದೆ. ಇಬ್ಬರೂ ಅಡಗುತ್ತ, ಜಗಳವಾಡುತ್ತ, ಹಸಿವಿನಿಂದ ಹಸಿ ಕ್ಯಾರೆಟ್ ತಿನ್ನುತ್ತ ಉತ್ತರಕ್ಕೆ ಸಾಗುತ್ತಾರೆ. ರಾತ್ರಿ ತಂಗಿದ ಬಾಡಿಗೆ ಕೋಣೆಯಲ್ಲಿ ಎರಡು ಮಂಚಗಳ ನಡುವೆ ಹಗ್ಗ ಕಟ್ಟಿ, ಕಂಬಳಿಯೊಂದನ್ನು ಇಳಿಬಿಟ್ಟು, ಅದನ್ನು ಅವನು ಜೆರಿಕೋದ ಗೋಡೆಗಳೆಂದು ಕರೆಯುತ್ತಾನೆ. ಬೈಬಲಿನ ಯೆಹೋಶುವನ ಗ್ರಂಥದಲ್ಲಿ ಕೊಂಬು ಊದಿದಾಗ ಕುಸಿದು ಬಿದ್ದ ಕೋಟೆ ಅದು. ತನ್ನ ಬಳಿ ಕೊಂಬಿಲ್ಲವೆಂಬುದು ಪೀಟರನ ಭರವಸೆ. (ಜೆರಿಕೋ ಇಂದಿನ ಪ್ಯಾಲೆಸ್ತೀನಿನ ಪಶ್ಚಿಮ ದಂಡೆಯಲ್ಲಿದೆ; ಇಲ್ಲಿನ ನಮ್ಮ ಅನೇಕ ಸಹೋದ್ಯೋಗಿಗಳಿಗೆ ಅದು ಅರೀಹಾ. ಅಲ್ಲಿ ಈಗ ಜನರನ್ನು ಬೇರ್ಪಡಿಸಿರುವುದು ಕಂಬಳಿಯಲ್ಲ, ಕೊಂಬಿನ ಸದ್ದಿಗೂ ಅದು ಬೀಳುವುದಿಲ್ಲ. ಆ ಮಾತು ಬೇರೊಂದು ದಿನಕ್ಕಿರಲಿ.)

ಚಿತ್ರ ಬಿಡುಗಡೆಯಾದದ್ದು 1934ರ ಫೆಬ್ರವರಿಯಲ್ಲಿ. ಆ ವರ್ಷದ ಜುಲೈ 1ರಿಂದ ಹಾಲಿವುಡ್‌ನ ನೀತಿಸಂಹಿತೆ ಕಟ್ಟುನಿಟ್ಟಾಗಿ ಜಾರಿಗೆ ಬಂತು. ಅಂದರೆ ಈ ಕಂಬಳಿ ಯಾರ ಆಜ್ಞೆಯಿಂದಲೂ ಕಟ್ಟಿದ್ದಲ್ಲ. ಹಾರ್ವರ್ಡಿನ ತತ್ತ್ವಶಾಸ್ತ್ರಜ್ಞ ಸ್ಟ್ಯಾನ್ಲಿ ಕ್ಯಾವೆಲ್ 1981ರಲ್ಲಿ ಬರೆದ 'ಪರ್ಸ್ಯೂಟ್ಸ್ ಆಫ್ ಹ್ಯಾಪಿನೆಸ್' ಎಂಬ ಗ್ರಂಥದಲ್ಲಿ ಈ ಕಂಬಳಿಯನ್ನು ಸಿನಿಮಾದ ಬಿಳಿ ಪರದೆಗೂ, ಕಾಂಟ್ ಹೇಳಿದ ಮಾನವ ಅರಿವಿನ ಎಲ್ಲೆಗೂ ಹೋಲಿಸುತ್ತಾನೆ. ಮೊದಲ ಓದಿನಲ್ಲಿ ಒಂದು ಬಡ ಕಂಬಳಿಯ ಮೇಲೆ ಇಷ್ಟು ಭಾರ ಹೊರಿಸಬೇಕೇ ಅನ್ನಿಸುತ್ತದೆ. ಆದರೆ ಅವನ ಮುಖ್ಯ ಒಳನೋಟ ಸರಿಯಾದದ್ದೇ. ಈ ಬಗೆಯ ವಿನೋದಗಳಲ್ಲಿ ಗಂಡು ಹೆಣ್ಣು ಪರಸ್ಪರ ಮಾತಾಡಲು ಕಲಿಯುವುದೇ ಕಥೆ, ಮದುವೆಯೆಂದರೆ ಮುಗಿಯದ ಸಂಭಾಷಣೆ ಎನ್ನುವುದು ಅವನ ವಾದ. ನಾನು ಕಾಂಟ್‌ನಷ್ಟು ದೂರ ಹೋಗಲಾರೆ. ಗಲ್ಫಿನಲ್ಲಿ ವಾಸಿಸಿದವರಿಗೆ ಈ ಕಂಬಳಿಯ ಅರ್ಥ ಇನ್ನೂ ಸರಳವಾಗಿ ತಿಳಿಯುತ್ತದೆ.

ನಮ್ಮಲ್ಲಿ ಎಷ್ಟೋ ಮಂದಿ ಮೊದಲ ವರ್ಷಗಳನ್ನು ಕಳೆದದ್ದು 'ಬೆಡ್ ಸ್ಪೇಸ್' ಎಂಬ ಹೆಸರಿನ ಆರಡಿ ಜಾಗದಲ್ಲಿ. ಮೇಲಿನ ಮಂಚದಿಂದ ಇಳಿಬಿಟ್ಟ ಒಂದು ಲುಂಗಿ ಅಥವಾ ಹೊದಿಕೆಯೇ ನಮ್ಮ ಗೋಡೆ. ಅದರಾಚೆ ಒಬ್ಬ ಊರಿಗೆ ಫೋನ್ ಮಾಡಿ ಅಳುತ್ತಿರುತ್ತಾನೆ. ಈಚೆ ಇರುವವನು ಕೇಳಿಸಿದರೂ ಕೇಳಿಸದವನಂತೆ ಮಲಗಿರುತ್ತಾನೆ. ಆ ಬಟ್ಟೆಗೆ ಯಾವ ಬಲವೂ ಇಲ್ಲ. ಒಂದು ಬೆರಳಿನಿಂದ ಸರಿಸಬಹುದು. ಸರಿಸದಿರುವುದರಿಂದ ಮಾತ್ರ ಅದು ಗೋಡೆಯಾಗುತ್ತದೆ. ಎಲೀಯನ್ನು ತಂದೆ ಕೂಡಿಹಾಕಿದ ಹಡಗಿಗೆ ಬೀಗವಿತ್ತು, ಕಾವಲಿತ್ತು. ಅವಳು ಅಲ್ಲಿ ಒಂದು ಕ್ಷಣವೂ ಸುರಕ್ಷಿತಳೆಂದುಕೊಳ್ಳಲಿಲ್ಲ. ಬೀಗವಿಲ್ಲದ ಕೋಣೆಯಲ್ಲಿ, ಅಪರಿಚಿತ ಗಂಡಸೊಬ್ಬನಿಂದ ಒಂದು ಕಂಬಳಿಯಷ್ಟೇ ದೂರದಲ್ಲಿ ಅವಳು ನಿದ್ರೆ ಮಾಡುತ್ತಾಳೆ. ಚಿತ್ರದ ಚೆಲುವಿನ ಗುಟ್ಟೆಲ್ಲ ನನಗೆ ಈ ಒಂದು ವ್ಯತ್ಯಾಸದಲ್ಲಿದೆ.

ಇನ್ನೊಂದು ಗುಟ್ಟು ಹಣದ ಲೆಕ್ಕ. ಪ್ರೇಮಕಥೆಗಳಲ್ಲಿ ಹಣದ ವಿಷಯ ಬಂದರೆ ಕೋಟಿ, ಇಲ್ಲವೇ ತೀರಾ ಬಡತನ. ಇಲ್ಲಿ ಹಾಗಲ್ಲ. ಅವಳು ಚಾಕೊಲೇಟ್ ಕೊಳ್ಳಹೊರಟರೆ ಅವನು ತಡೆಯುತ್ತಾನೆ, ಬೆಳಗಿನ ತಿಂಡಿಗೆ ಒಂದೇ ಮೊಟ್ಟೆ, ಪೆಟ್ರೋಲಿಗಾಗಿ ಅವನ ಹ್ಯಾಟು ಅಡವು. ಕೊನೆಯಲ್ಲಿ ಪೀಟರ್ ಎಲೀಯ ತಂದೆಯ ಎದುರು ಬಂದು ನಿಲ್ಲುವಾಗ ನಾವು ಹತ್ತು ಸಾವಿರದ ಬಹುಮಾನ ಕೇಳುತ್ತಾನೆಂದು ನಿರೀಕ್ಷಿಸುತ್ತೇವೆ. ಅವನು ಕೇಳುವುದು 39 ಡಾಲರ್ 60 ಸೆಂಟ್. ಖರ್ಚಿನ ಪಟ್ಟಿ ಕೈಯಲ್ಲಿದೆ. ಆ ಚೀಟಿಯನ್ನು ನೋಡಿದ ಕೂಡಲೇ ವ್ಯಾಪಾರಸ್ಥನಾದ ತಂದೆಗೆ ಈ ಹುಡುಗನ ಮನಸ್ಸು ತಿಳಿದುಹೋಗುತ್ತದೆ. ಪ್ರೇಮಪತ್ರದಿಂದ ಆಗದ ಕೆಲಸ ಆ ಬಿಲ್ಲಿನಿಂದ ಆಗುತ್ತದೆ. ತಿಂಗಳ ಕೊನೆಯಲ್ಲಿ ರಿಯಾಲನ್ನು ರೂಪಾಯಿಗೆ ಗುಣಿಸಿ, ಅಮ್ಮನ ಔಷಧಿ, ತಂಗಿಯ ಫೀಸು, ಸಾಲದ ಕಂತು ಎಂದು ಚೀಟಿಯಲ್ಲಿ ಬರೆದಿಡುವ ನಮ್ಮ ಗೆಳೆಯರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಪ್ರೀತಿಯ ಲೆಕ್ಕವನ್ನು ನಾವು ಹೀಗೆಯೇ ಬರೆಯುತ್ತ ಬಂದಿದ್ದೇವೆ.

ಹಸಿದ ತಾಯಿಯ ದೃಶ್ಯವನ್ನೂ ಇದರೊಂದಿಗೇ ನೋಡಬೇಕು. ಆರ್ಥಿಕ ಮಹಾಕುಸಿತದ ನಡುವಿನ ಚಿತ್ರ ಇದು. ಬಸ್ಸಿನಲ್ಲಿ ಎಲ್ಲರೂ ಸೇರಿ ಹಾಡುತ್ತಿದ್ದಾರೆ, ಚಾಲಕನೂ ದನಿಗೂಡಿಸಿ ಬಸ್ಸು ಕೆಸರಿಗಿಳಿಯುತ್ತದೆ. ಆಗ ಹುಡುಗನೊಬ್ಬನ ಅಳು. ನಿನ್ನೆಯಿಂದ ಊಟವಿಲ್ಲದೆ ತಾಯಿ ಬಿದ್ದಿದ್ದಾಳೆ. ಇದ್ದ ಹಣವೆಲ್ಲ ಟಿಕೇಟಿಗೆ ಹೋಗಿದೆ, ನ್ಯೂಯಾರ್ಕಿನಲ್ಲಿ ಕೆಲಸ ಸಿಗುವ ಆಸೆಯಿದೆ. ಇಡೀ ಚಿತ್ರದಲ್ಲಿ ಇದು ಒಂದೆರಡು ನಿಮಿಷ. ಕಾಪ್ರಾ ಅದರ ಮೇಲೆ ಭಾಷಣ ಮಾಡುವುದಿಲ್ಲ. ಆದರೆ ಆ ನಂತರ ಎಲೀ ಮೊದಲಿನ ಎಲೀ ಅಲ್ಲ. ತಮಾಷೆಗೆ ಓಡಿಬಂದ ಶ್ರೀಮಂತ ಹುಡುಗಿಗೂ ಅನ್ನಕ್ಕಾಗಿ ಊರು ಬಿಟ್ಟ ಬಡ ಹೆಂಗಸಿಗೂ ಒಂದೇ ಬಸ್ಸು. ಓಡಿಹೋಗುವುದು ವಿನೋದವಾಗಲು ಬೆನ್ನ ಹಿಂದೆ ಒಂದು ವಿಹಾರನೌಕೆ ಇರಬೇಕಾಗುತ್ತದೆ ಎಂಬುದನ್ನು ಚಿತ್ರವೇ ಒಪ್ಪಿಕೊಂಡಂತಿದೆ.

ಈ ಊರಿನಲ್ಲಿ ಕುಳಿತು ಈ ಮಾತನ್ನು ಅಷ್ಟು ಬೇಗ ದಾಟಿ ಹೋಗಲಾಗದು. ಓಡಿಹೋದವಳು ಎಂಬ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಒಂದು ಅರ್ಥ, ಗಲ್ಫಿನಲ್ಲಿ ಇನ್ನೊಂದು. ಇಲ್ಲಿ ಅದು ಮಾಲೀಕರ ಮನೆ ಬಿಟ್ಟುಬಂದ ಮನೆಗೆಲಸದ ಹೆಣ್ಣುಮಗಳಿಗೆ ಹಚ್ಚುವ ಪದ. ಅವಳ ಮೇಲೆ ಪರಾರಿಯಾದ ದೂರು ದಾಖಲಾಗುತ್ತದೆ. ದೇಶ ಬಿಟ್ಟು ಹೊರಡಲು ಉದ್ಯೋಗದಾತನ ಅನುಮತಿ ಬೇಕೆಂಬ ನಿಯಮ ಕತಾರಿನಲ್ಲಿ ಬಹುಪಾಲು ಕಾರ್ಮಿಕರ ಮಟ್ಟಿಗೆ ರದ್ದಾದದ್ದು 2018ರಲ್ಲಿ. ಮನೆಗೆಲಸದವರಿಗೆ ಆ ಬಿಡುಗಡೆ ದೊರೆತದ್ದು 2020ರ ಜನವರಿಯಲ್ಲಿ. ಅದೇ ವರ್ಷ ಹಳೆಯ ಮಾಲೀಕನ ಒಪ್ಪಿಗೆಪತ್ರವಿಲ್ಲದೆ ಕೆಲಸ ಬದಲಿಸುವ ಹಕ್ಕೂ ಬಂತು. ಕಾಗದದ ಮೇಲಿನ ಹಕ್ಕು ಅಡುಗೆಮನೆಯ ಬಾಗಿಲವರೆಗೆ ತಲುಪಲು ಎಷ್ಟು ಕಾಲ ಹಿಡಿಯುತ್ತದೆಂಬುದು ನಿಮಗೆ ತಿಳಿದದ್ದೇ. ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಬಿನ್ ಜಲ್ಮೂದ್ ಮನೆಯಿದೆ. ಗುಲಾಮಗಿರಿಯ ಇತಿಹಾಸವನ್ನು ಮುಚ್ಚಿಡದೆ ತೋರಿಸುವ ವಸ್ತುಸಂಗ್ರಹಾಲಯ; 1952ರಲ್ಲಿ ಈ ನಾಡಿನಲ್ಲಿ ಗುಲಾಮಗಿರಿ ನಿಷೇಧವಾದ ಸಂಗತಿಯೂ ಅಲ್ಲಿದೆ. ಒಂದು ವಿನೋದಚಿತ್ರ ನೋಡಿದ ಮೇಲೆ ಅಲ್ಲಿಗೆ ಹೋಗಿ ಬರುವುದು ರಸಭಂಗವೆಂದು ನನಗೇನೂ ಅನ್ನಿಸುವುದಿಲ್ಲ. ಒಬ್ಬರ ದೇಹ ಎಲ್ಲಿರಬೇಕು, ಯಾವಾಗ ಹೊರಡಬೇಕು ಎಂದು ಇನ್ನೊಬ್ಬರು ತೀರ್ಮಾನಿಸುವ ಅಧಿಕಾರವೇ ಎರಡೂ ಕಡೆಯ ವಿಷಯ.

ಈಗ ನಮ್ಮ ಕಡೆಗೆ ಬರೋಣ. ಈ ಚಿತ್ರ ಭಾರತಕ್ಕೆ ಹಲವು ಬಾರಿ ಬಂದಿದೆ. 1956ರಲ್ಲಿ ಮದರಾಸಿನ ಎ.ವಿ.ಎಂ. ಸಂಸ್ಥೆ 'ಚೋರಿ ಚೋರಿ' ಎಂದು ಹಿಂದಿಯಲ್ಲಿ ತೆಗೆಯಿತು. ರಾಜ್ ಕಪೂರ್, ನರ್ಗಿಸ್ ಜೋಡಿ, ಶಂಕರ್ ಜೈಕಿಶನ್ ಸಂಗೀತ. 1991ರಲ್ಲಿ ಮಹೇಶ್ ಭಟ್ 'ದಿಲ್ ಹೈ ಕಿ ಮಾನ್ತಾ ನಹೀ' ತೆಗೆದ. ಅದರಲ್ಲಿ ಮುಂಬಯಿಯಿಂದ ಓಡಿಹೊರಟ ನಾಯಕಿ ತಲುಪಬೇಕಾದ ಊರು ಯಾವುದು ಗೊತ್ತೇ? ಬೆಂಗಳೂರು. ಕಾಪ್ರಾನ ನ್ಯೂಯಾರ್ಕಿನ ಜಾಗದಲ್ಲಿ ಬೆಂಗಳೂರು ಬಂದು ಕುಳಿತದ್ದು ಕಾಕತಾಳೀಯವಿರಬಹುದು. ಆದರೆ ಉತ್ತರ ಕರ್ನಾಟಕದಿಂದ, ಕರಾವಳಿಯಿಂದ, ಹಳೆಯ ಮೈಸೂರಿನ ಹಳ್ಳಿಗಳಿಂದ ಮನೆ ಬಿಟ್ಟ ಜೋಡಿಗಳು ಇಳಿಯುವುದು ಮೆಜೆಸ್ಟಿಕ್ಕಿನಲ್ಲೇ ಎಂಬುದು ನಮಗೆ ಗೊತ್ತಿರುವುದರಿಂದ ಅದು ತೀರಾ ಸಹಜವಾಗಿ ಕಾಣುತ್ತದೆ. ಕೊನೆಗೆ 2007ರಲ್ಲಿ ಕನ್ನಡಕ್ಕೂ ಬಂತು, 'ಹುಡುಗಾಟ' ಎಂಬ ಹೆಸರಿನಲ್ಲಿ. 'ಮುಂಗಾರು ಮಳೆ'ಯ ನಂತರದ ಗಣೇಶ್, ಜೊತೆಗೆ ರೇಖಾ, ಜಾಸಿ ಗಿಫ್ಟ್ ಸಂಗೀತ. ಮೂಲಕ್ಕೂ ಇದಕ್ಕೂ ಎಪ್ಪತ್ತಮೂರು ವರ್ಷಗಳ ಅಂತರ.

ಭಾರತೀಯ ಅವತಾರಗಳಲ್ಲಿ ಆದ ದೊಡ್ಡ ಬದಲಾವಣೆಯೆಂದರೆ ಜಗಳ ಮಾಡುವ ಕೆಲಸವನ್ನು ಹಾಡು ವಹಿಸಿಕೊಂಡದ್ದು. ಕಾಪ್ರಾನಲ್ಲಿ ಇಬ್ಬರೂ ಮಾತಿನ ಮೂಲಕ ಹತ್ತಿರವಾಗುತ್ತಾರೆ. ಇಬ್ಬರೂ ಕೋಪಿಷ್ಠರು, ಇಬ್ಬರೂ ಜಾಣರು, ಒಬ್ಬರ ಮಾತನ್ನು ಇನ್ನೊಬ್ಬರು ತುಂಡರಿಸುವ ವೇಗದಲ್ಲೇ ಸಮಾನತೆ ಹುಟ್ಟುತ್ತದೆ. ನಮ್ಮಲ್ಲಿ ಮಾತು ಇಕ್ಕಟ್ಟಿಗೆ ಬಂದ ಕೂಡಲೇ ಮಳೆ ಬರುತ್ತದೆ, ಹಾಡು ಶುರುವಾಗುತ್ತದೆ. ಹಾಡು ಇಂಪಾದದ್ದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಹಾಡಿನಲ್ಲಿ ಹೆಣ್ಣು ಎದುರು ಮಾತಾಡುವುದು ಕಷ್ಟ.

ಕನ್ನಡದಲ್ಲಿ ಗಂಡು ಹೆಣ್ಣಿನ ಜಗಳದ ವಿನೋದಕ್ಕೆ ಇನ್ನೊಂದು ಗಟ್ಟಿ ಪರಂಪರೆಯಿದೆ. ಪರ್ವತವಾಣಿಯವರ 'ಬಹದ್ದೂರ್ ಗಂಡ' ಷೇಕ್ಸ್‌ಪಿಯರನ 'ದ ಟೇಮಿಂಗ್ ಆಫ್ ದ ಶ್ರೂ' ನಾಟಕದ ಕನ್ನಡ ರೂಪ. ಅದರ ಆಧಾರದ ಮೇಲೆ 1989ರಲ್ಲಿ ಬಂದ 'ನಂಜುಂಡಿ ಕಲ್ಯಾಣ' ಎಂಥ ಯಶಸ್ಸು ಕಂಡಿತೆಂದು ನಮ್ಮ ವಯಸ್ಸಿನವರಿಗೆ ನೆನಪಿದೆ. ಅದಕ್ಕೂ ಮೊದಲು, 1976ರಲ್ಲಿ ರಾಜ್‌ಕುಮಾರ್ ನಟಿಸಿದ 'ಬಹದ್ದೂರ್ ಗಂಡು' ಇದೇ ಜಾಡಿನದು. ಗರ್ವದ ಹೆಣ್ಣು, ಅವಳಿಗೆ ಬುದ್ಧಿ ಕಲಿಸುವ ಗಂಡು, ಕೊನೆಗೆ ತಲೆಬಾಗಿದ ಹೆಂಡತಿ: ಈ ಸೂತ್ರ ನಮ್ಮಲ್ಲಿ ಎಷ್ಟು ಆಳವಾಗಿ ಇಳಿದಿದೆಯೆಂದರೆ, ಯಾವ ಪ್ರಣಯ ವಿನೋದ ತಂದು ನೆಟ್ಟರೂ ಅದು ಇದೇ ಗಿಡವಾಗಿ ಚಿಗುರುತ್ತದೆ.

ಕಾಪ್ರಾ ಈ ವಿಷಯದಲ್ಲಿ ನಿರ್ದೋಷಿಯೆಂದು ನಾನು ಹೇಳುವುದಿಲ್ಲ. ಪೀಟರ್ ಅವಳನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವಾಗ ಅವಳ ಹಿಂಬದಿಗೆ ಬಾರಿಸುತ್ತಾನೆ. ಇಂಥವಳಿಗೆ ದಿನಕ್ಕೊಂದು ಪೆಟ್ಟು ಕೊಡುವವನು ಬೇಕೆಂದು ತಂದೆಯ ಮುಂದೆ ಹೇಳುತ್ತಾನೆ, ತಂದೆಗೆ ಅದು ಮೆಚ್ಚಿಗೆಯಾಗುತ್ತದೆ. ಈ ಮಾತಿಗೆ ಇಂದು ಇಲ್ಲಿ ಯಾರೂ ನಗಲಿಲ್ಲ. ನಗದಿದ್ದುದು ನನಗೆ ಸಮಾಧಾನ ತಂದಿತು. ಕ್ಲಾಸಿಕ್ ಎಂದ ಮಾತ್ರಕ್ಕೆ ಎಲ್ಲವನ್ನೂ ಮಡಿಲಲ್ಲಿ ಕಟ್ಟಿಕೊಳ್ಳಬೇಕಿಲ್ಲ. ಆದರೂ ಪಳಗಿಸುವ ಕಥೆಗಳಿಗೂ ಇದಕ್ಕೂ ಒಂದು ಅಂತರವಿದೆ. ಇಲ್ಲಿ ಪೀಟರನ ಜಂಬವೂ ಇಳಿಯುತ್ತದೆ. ಹೆಬ್ಬೆರಳಿನಿಂದ ವಾಹನ ನಿಲ್ಲಿಸುವ ಮೂರು ವಿಧಾನಗಳನ್ನು ಪಂಡಿತನಂತೆ ಬೋಧಿಸಿ, ಒಂದು ಕಾರನ್ನೂ ನಿಲ್ಲಿಸಲಾಗದೆ ಬೇಲಿಯ ಮೇಲೆ ಕುಳಿತಾಗ, ಎಲೀ ಲಂಗದ ಅಂಚನ್ನು ಒಂದಿಷ್ಟು ಎತ್ತಿ ಮೊದಲ ಕಾರನ್ನೇ ನಿಲ್ಲಿಸುತ್ತಾಳೆ. ಆಮೇಲೆ ಅವನ ಮುಖ ನೋಡಬೇಕು. ಮೊದಲು ಕಂಬಳಿಯ ಗೋಡೆಯನ್ನು ದಾಟಿ ಬಂದು ಪ್ರೀತಿಯನ್ನು ಹೇಳಿಕೊಳ್ಳುವವಳೂ ಅವಳೇ.

ನಮ್ಮ ಗಂಭೀರ ಸಾಹಿತ್ಯ, ಸಿನಿಮಾಗಳಲ್ಲಿ ಮನೆ ಬಿಟ್ಟ ಹೆಣ್ಣು ಏನಾಗುತ್ತಾಳೆ? ಅಕ್ಕಮಹಾದೇವಿ ಅರಮನೆ ಬಿಟ್ಟು ನಡೆದಳು. ನಾವು ಅವಳನ್ನು ಶರಣೆಯಾಗಿ ಪೂಜಿಸಿದೆವು. ಸಂತಳಾಗದ ಹೆಣ್ಣಿಗೆ ದಾರಿ ಕಿರಿದು. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ನೆನಪಿಸಿಕೊಳ್ಳಿ. ಜಾತಿ ಧರ್ಮಗಳ ಗೆರೆ ದಾಟಿದ ರಾಮಾಚಾರಿ, ಮಾರ್ಗರೆಟ್ ಇಬ್ಬರಿಗೂ ಚಿತ್ರದುರ್ಗದ ಬಂಡೆಯೇ ಕೊನೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆಯಲ್ಲೂ ಹರಳಯ್ಯ, ಮಧುವರಸರ ಮಕ್ಕಳ ಮದುವೆ ಮುಗಿಯುವುದು ರಕ್ತದಲ್ಲಿ. ಕಾರ್ನಾಡರ 'ತಲೆದಂಡ' ಹೆಸರೇ ಅದನ್ನು ಹೇಳುತ್ತದೆ. ನಮ್ಮ ನಾಟಕಕಾರರಿಗೆ ವಿನೋದ ಬರುತ್ತಿರಲಿಲ್ಲವೆಂದಲ್ಲ. ಗೆರೆ ದಾಟಿದ ಪ್ರೀತಿ ನಗುವಿನಲ್ಲಿ ಮುಗಿಯುತ್ತದೆಂದು ನಂಬಲು ಸಮಾಜ ಅವರಿಗೆ ಅವಕಾಶ ಕೊಡಲಿಲ್ಲ.

ಒಂದು ದೊಡ್ಡ ಅಪವಾದವಿದೆ: ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967). ಅದರಲ್ಲಿ ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಮಲೆ, ಕಾಡು, ಹೊಳೆಗಳನ್ನು ದಾಟುತ್ತಾನೆ. ಹೂವಳ್ಳಿಯ ಚಿನ್ನಮ್ಮ ಒಲ್ಲದ ಮದುವೆಯಿಂದ ರಾತ್ರಿ ಕಾಡಿಗೆ ಓಡಿಹೋಗುತ್ತಾಳೆ. ಜಿಗಣೆ, ಕತ್ತಲೆ, ಹಸಿವು, ಹುಲಿಯನೆಂಬ ನಾಯಿ, ಎಲ್ಲವೂ ಆ ಪ್ರಯಾಣದಲ್ಲಿವೆ. ಅವಸರವಿಲ್ಲದ ಆ ನಡಿಗೆಯಲ್ಲಿ ಓಡಿಹೋಗುವುದು ಪಾಪವೂ ಅಲ್ಲ, ಪವಾಡವೂ ಅಲ್ಲ; ಕಾಲಿಗೆ ಮುಳ್ಳು ಚುಚ್ಚುವ, ಹೊಟ್ಟೆ ಹಸಿಯುವ ಕೆಲಸ. ಆದರೂ ಹುಲಿಯ ತುಂಗೆಯ ಪಾಲಾಗುತ್ತಾನೆ. ಕುವೆಂಪು ಪೂರ್ತಿ ವಿನೋದಕ್ಕೆ ಒಪ್ಪುವುದಿಲ್ಲ. 'ಹುಡುಗಾಟ'ದ ನಿರ್ಮಾಪಕರಿಗಿಂತ ಕಾಪ್ರಾನ ನಿಜವಾದ ಕನ್ನಡದ ಬಂಧು ನನಗೆ ಈ ಕಾದಂಬರಿಯೇ. ಅದೇ ಕುವೆಂಪು ತಮ್ಮ ಮಗನ ಮದುವೆಗಾಗಿ 1966ರಲ್ಲಿ ಮಂತ್ರಮಾಂಗಲ್ಯವನ್ನು ಬರೆದದ್ದು. ಮಗಳ ಕಿವಿಯಲ್ಲಿ, ಮದುವೆ ಮಂಟಪದತ್ತ ನಡೆಯುತ್ತಿರುವಾಗಲೇ, ಹಿಂದಿನ ಗೇಟಿನ ಬಳಿ ನಿನ್ನ ಕಾರು ನಿಂತಿದೆ ಎಂದು ಪಿಸುಗುಡುವ ಚಿತ್ರದ ತಂದೆಗೂ ಆ ತಂದೆಗೂ ಎಲ್ಲೋ ಒಂದು ಸಂಬಂಧವಿದೆ.

ಆ ಪಿಸುಮಾತಿನ ದೃಶ್ಯದಲ್ಲಿ ನಾನು ಪ್ರತಿಸಲ ಸಿಕ್ಕಿಬೀಳುತ್ತೇನೆ. ಮೊದಲ ದೃಶ್ಯದಲ್ಲಿ ಬೀಗ ಹಾಕಿದ ತಂದೆ ಕೊನೆಯಲ್ಲಿ ಬಾಗಿಲು ತೆರೆಯುತ್ತಾನೆ. ಕರ್ನಾಟಕದ ಪತ್ರಿಕೆಗಳನ್ನು ದಿನವೂ ಇಲ್ಲಿಂದ ಓದುವ ನಮಗೆ, ಬೇರೆ ಜಾತಿಯವನನ್ನು ಪ್ರೀತಿಸಿದ ಮಗಳನ್ನು ತಂದೆಯೇ ಕೊಂದ ಸುದ್ದಿ ಎಷ್ಟು ಬಾರಿ ಕಣ್ಣಿಗೆ ಬಿದ್ದಿದೆ! ಅದನ್ನು ಮರ್ಯಾದೆಯ ಹತ್ಯೆ ಎಂದು ಕರೆಯುವ ನಮ್ಮ ಪತ್ರಿಕಾಭಾಷೆಯ ಮರ್ಯಾದೆಯ ಬಗ್ಗೆಯೂ ಯೋಚಿಸಬೇಕು. ಪ್ರಾಪ್ತ ವಯಸ್ಸಿನ ಇಬ್ಬರು ಮದುವೆಗೆ ಒಪ್ಪಿದರೆ ಕುಟುಂಬದ್ದಾಗಲಿ, ಸಮುದಾಯದ್ದಾಗಲಿ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಸ್ಪಷ್ಟವಾಗಿ ಹೇಳಿತು. ಆದರೆ 1954ರ ವಿಶೇಷ ವಿವಾಹ ಕಾಯಿದೆಯಡಿ ಮದುವೆಯಾಗುವವರು ಮೂವತ್ತು ದಿನ ಮುಂಚೆ ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಾಗುತ್ತದೆ. ಯಾರು ಬೇಕಾದರೂ ಬಂದು ಹೆಸರು, ವಿಳಾಸ ಓದಬಹುದು. ಪೀಟರ್ ಕಟ್ಟಿದ ಕಂಬಳಿಯನ್ನು ಸರ್ಕಾರವೇ ಎಳೆದು ಹಾಕಿದಂತೆ.

ಇನ್ನು ಬಸ್ಸಿನ ವಿಷಯ. ಈ ಚಿತ್ರದಲ್ಲಿ ಶೇಪ್ಲಿ ಎಂಬ ವಾಚಾಳಿ ಇದ್ದಾನೆ. ಪಕ್ಕದ ಸೀಟಿನಲ್ಲಿ ಕುಳಿತು ಎಲೀಗೆ ಕಾಟ ಕೊಟ್ಟವನು ಅವನೇ. ಪತ್ರಿಕೆಯಲ್ಲಿ ಅವಳ ಚಿತ್ರ ನೋಡಿ, ಬಹುಮಾನದಲ್ಲಿ ಪಾಲು ಕೇಳಲು ಬರುವವನೂ ಅವನೇ. ಅವನನ್ನು ನೋಡಿ ನೀವು ನಕ್ಕಿರಿ, ನಾನೂ ನಕ್ಕೆ. ಆದರೆ ದಕ್ಷಿಣ ಕನ್ನಡದ, ಉಡುಪಿಯ ಗೆಳೆಯರು ಇಲ್ಲಿದ್ದೀರಿ. ಶೇಪ್ಲಿ ನಿಮಗೆ ಹೊಸಬನಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನ ಮೇಲೆ, 2012ರ ಜುಲೈನಲ್ಲಿ ಪಡೀಲಿನ ಹೋಂಸ್ಟೇ ಮೇಲೆ ನಡೆದ ದಾಳಿಗಳನ್ನು ಟಿವಿಯಲ್ಲಿ ದೇಶವೆಲ್ಲ ನೋಡಿತು. ಅಷ್ಟು ಸದ್ದಾಗದೆ ನಡೆದದ್ದು ಬಸ್ಸುಗಳಲ್ಲಿ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಒಂದೇ ಸೀಟಿನಲ್ಲಿ ಕುಳಿತದ್ದನ್ನು ಯಾರೋ ಗಮನಿಸುತ್ತಾರೆ, ಯಾರಿಗೋ ಸುದ್ದಿ ಹೋಗುತ್ತದೆ, ಮುಂದಿನ ನಿಲ್ದಾಣದಲ್ಲಿ ಬಸ್ಸು ತಡೆಯುತ್ತಾರೆ, ಹೆಸರು ಕೇಳುತ್ತಾರೆ, ಕೆಳಗಿಳಿಸಿ ಹೊಡೆಯುತ್ತಾರೆ. ಇಂಥ ಪ್ರಕರಣಗಳು ಕರಾವಳಿಯ ಪೊಲೀಸ್ ಠಾಣೆಗಳಲ್ಲಿ ದಾಖಲಾಗಿವೆ. ನೈತಿಕ ಪೊಲೀಸ್‌ಗಿರಿ ಎಂಬ ಪದವನ್ನೇ ಕನ್ನಡಕ್ಕೆ ಕೊಟ್ಟದ್ದು ಆ ನೆಲ. ಅಲ್ಲಿ ಶೇಪ್ಲಿಗೆ ಬಹುಮಾನದ ಆಸೆಯೂ ಬೇಕಿಲ್ಲ, ಧರ್ಮರಕ್ಷಣೆಯ ಸುಖವೇ ಸಾಕು. ಕಾಪ್ರಾನ ಬಸ್ಸಿನಲ್ಲಿ ಪೀಟರ್ ಅವನನ್ನು ಸುಳ್ಳು ಗ್ಯಾಂಗಿನ ಕಥೆ ಹೇಳಿ ಹೆದರಿಸಿ ಓಡಿಸುತ್ತಾನೆ. ನಮ್ಮ ಬಸ್ಸಿನಲ್ಲಿ ಗ್ಯಾಂಗು ಶೇಪ್ಲಿಯ ಬೆನ್ನಿಗೇ ಇದೆ.

ಪತ್ತೇದಾರರ ದೃಶ್ಯವನ್ನು ಮತ್ತೆ ನೋಡಿ. ಬಾಗಿಲು ತಟ್ಟಿ ಒಳಬಂದವರು ಕಾಗದ ಕೇಳುವುದಿಲ್ಲ. ಇಬ್ಬರು ಹೀಗೆ ಕಿತ್ತಾಡುತ್ತಿದ್ದರೆ ಗಂಡ ಹೆಂಡಿರೇ ಇರಬೇಕೆಂದು ನಂಬಿ, ನಾಚಿ, ಹೊರಟುಹೋಗುತ್ತಾರೆ. ಜಗಳವೇ ಅವರ ಗುರುತಿನ ಚೀಟಿ. ಆಧಾರ್ ಕಾರ್ಡಿನಲ್ಲಿ ಹೆಸರು ನೋಡಿ ಹೊಡೆಯುವ ಕಾಲದಲ್ಲಿ ಆ ಮೂಢ ಪತ್ತೇದಾರರ ಸಂಕೋಚವೇ ನನಗೆ ನಾಗರಿಕತೆಯ ದೊಡ್ಡ ಗುಣದಂತೆ ಕಾಣುತ್ತದೆ.

ಹಾಗೆಂದು ಬಸ್ಸಿನ ಬಗ್ಗೆ ನನಗೆ ನಿರಾಶೆಯಿಲ್ಲ. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೇಟಿಗೆ ಹಣ ಕೊಡದೆ ಓಡಾಡುತ್ತಿದ್ದಾರೆ. ಶಕ್ತಿ ಯೋಜನೆಯ ಆರ್ಥಿಕತೆಯನ್ನು ಕುರಿತು ಬೇಕಾದಷ್ಟು ಚರ್ಚೆಯಾಗಿದೆ, ಆಗಲಿ. ನನ್ನ ಗಮನ ಸೆಳೆದದ್ದು ಆಗ ಹರಿದಾಡಿದ ನಗೆಹನಿಗಳು. ಹೆಂಡತಿ ಅಡುಗೆ ಬಿಟ್ಟು ಧರ್ಮಸ್ಥಳಕ್ಕೆ ಹೋದಳು, ಮನೆಯಲ್ಲಿ ಗಂಡ ಉಪವಾಸ, ಹೆಂಗಸರೆಲ್ಲ ಊರು ಸುತ್ತುತ್ತಿದ್ದಾರೆ, ಹೀಗೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಬಂದವು. ಕಳಿಸಿದವರಲ್ಲಿ ಕೆಲವರು ಇಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ. ಹೆಣ್ಣು ಬಸ್ಸು ಹತ್ತಿದರೆ ನಮಗೆ ನಗು ಬರುತ್ತದೆ. ಯಾರ ಕಡೆ ನಿಂತು ನಗುತ್ತೇವೆಂಬುದೇ ಪ್ರಶ್ನೆ. ಕಾಪ್ರಾ ಅವಳ ಪಕ್ಕದ ಸೀಟಿನಲ್ಲಿ ಕುಳಿತು ನಗುತ್ತಾನೆ. ಆ ಬಸ್ಸುಗಳ ಒಳಗಿನಿಂದ, ಮೊದಲ ಬಾರಿ ಯಾರ ಕೈಯನ್ನೂ ಕಾಯದೆ ತವರಿಗೋ ಸಮುದ್ರ ನೋಡಲೋ ಹೊರಟ ಹೆಂಗಸಿನ ಕಡೆಯಿಂದ, ಒಂದು ಒಳ್ಳೆಯ ಕನ್ನಡ ವಿನೋದಚಿತ್ರ ಬರಬೇಕಿದೆ. ಚಿತ್ರಕಥೆಗಾರರ ಕೊರತೆ ಇರಬಹುದು, ಕಥೆಯ ಕೊರತೆಯಂತೂ ಇಲ್ಲ.

ಈ ಕೂಟಕ್ಕೆ ನೀವು ಬಹುಪಾಲು ಮೆಟ್ರೋದಲ್ಲಿ ಬಂದಿದ್ದೀರಿ. ಕೆಂಪು,ಹಸಿರು, ಚಿನ್ನದ ಬಣ್ಣದ ಮೂರೂ ಮಾರ್ಗಗಳು ಸೇರುವುದು ಈ ಮುಶೈರಿಬ್ ನಿಲ್ದಾಣದಲ್ಲೇ. ಹಣವುಳ್ಳವರಿಗೆ ಒಂದು ಭಾಗ, ಕುಟುಂಬದವರಿಗೆ ಒಂದು ಭಾಗ, ಉಳಿದವರಿಗೆ ಸಾಮಾನ್ಯ ಬೋಗಿ ಎಂದು ಅದರಲ್ಲೂ ವಿಂಗಡಣೆಯಿದೆ. 1934ರ ಆ ಬಸ್ಸನ್ನು ನೋಡುವಾಗ ಕೋಟ್ಯಧಿಪತಿಯ ಮಗಳೂ ಹಸಿದ ತಾಯಿಯೂ ಒಂದೇ ಹಾಡಿಗೆ ದನಿಗೂಡಿಸುವುದು ನಮಗೆ ಕನಸಿನಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಆ ಕಾಲದ ಅಮೆರಿಕದ ದಕ್ಷಿಣ ರಾಜ್ಯಗಳ ಬಸ್ಸುಗಳಲ್ಲಿ ಕರಿಯರು ಹಿಂದಿನ ಸೀಟುಗಳಲ್ಲೇ ಕೂರಬೇಕಿತ್ತೆಂಬುದನ್ನು ಕಾಪ್ರಾ ತೋರಿಸುವುದಿಲ್ಲ. ಮಯಾಮಿಯಿಂದ ಹೊರಟ ಬಸ್ಸು ಅದೇ ರಾಜ್ಯಗಳ ಮೂಲಕವೇ ಸಾಗಿದ್ದು. ಅವನ ಹಾಡಿನಲ್ಲಿ ಸೇರದ ದನಿಗಳಿವೆ.

ಕಡೆಯ ದೃಶ್ಯದ ಬಗ್ಗೆ ಒಂದು ಮಾತು ಹೇಳಿ ಚಹಾಕ್ಕೆ ಬಿಡುತ್ತೇನೆ. ಪ್ರಶ್ನೆಗಳನ್ನು ಅಲ್ಲಿಯೇ ಕೇಳಬಹುದು. ಎಲೀ, ಪೀಟರ್ ಮತ್ತೊಂದು ಬಾಡಿಗೆ ಕೋಣೆಗೆ ಬಂದಿದ್ದಾರೆ. ನಮಗೆ ಅವರ ಮುಖಗಳನ್ನು ತೋರಿಸುವುದಿಲ್ಲ. ಹೊರಗೆ ಆ ತಂಗುದಾಣದ ಯಜಮಾನ, ಅವನ ಹೆಂಡತಿ ಮಾತಾಡಿಕೊಳ್ಳುತ್ತಿದ್ದಾರೆ. ಇವರಿಬ್ಬರೂ ಮದುವೆಯಾದವರಲ್ಲವೆಂದು ಅವಳ ಅನುಮಾನ. ಮದುವೆಯ ಪರವಾನಗಿಯನ್ನು ತಾನೇ ನೋಡಿದೆನೆಂದು ಅವನ ಸಮಾಧಾನ. ಕಾಪ್ರಾನಂಥ ಧಾರಾಳಿಯೂ ಕೊನೆಗೆ ಒಂದು ಕಾಗದವನ್ನು ತೋರಿಸಲೇಬೇಕಾಯಿತು, ಗಮನಿಸಿ. ಆದರೆ ಹೆಂಡತಿಯ ಕುತೂಹಲ ತಣಿಯುವುದಿಲ್ಲ: ಇಷ್ಟು ಸೆಖೆಯ ರಾತ್ರಿಯಲ್ಲಿ ಅವರಿಗೆ ಹಗ್ಗ ಏಕೆ, ಕಂಬಳಿ ಏಕೆ, ಆಟಿಕೆಯ ತುತ್ತೂರಿ ಏಕೆ? ಗಂಡನಿಗೂ ಗೊತ್ತಿಲ್ಲ. ಇಬ್ಬರೂ ಹೋಗಿ ಬಾಗಿಲು ತಟ್ಟುವುದಿಲ್ಲ. ತುತ್ತೂರಿಯ ಸದ್ದು ಕೇಳುತ್ತದೆ, ಕಂಬಳಿ ನೆಲಕ್ಕೆ ಬೀಳುತ್ತದೆ, ಆ ಕೋಣೆಯ ದೀಪ ಆರುತ್ತದೆ.